ಬರ್ಲಿನ್ನಿನಲ್ಲಿ ಕೊಂಡ ಮೂರು ಸೋವಿಯತ್ ಸಮವಸ್ತ್ರಗಳು: ಅಂಗಡಿಯ ಚೀಟಿಯೂ ಬಟ್ಟೆಯ ಒಳಮೈಯೂ

ಪೂರ್ವ ಬರ್ಲಿನ್ನಿನ ಒಂದು ಅಡ್ಡರಸ್ತೆಯಲ್ಲಿ ಹಳೆಯ ಸೇನಾ ಉಡುಪುಗಳನ್ನು ಮಾರುವ ಅಂಗಡಿಯೊಂದಿದೆ. ಕಳೆದ ಚಳಿಗಾಲದಲ್ಲಿ ಅಲ್ಲಿಂದ ಮೂರು ಸೋವಿಯತ್ ವಸ್ತುಗಳನ್ನು ಕೊಂಡೆ: ‘ಮಹಾಯುದ್ಧದ ಕಾಲದ್ದು, 1943’ ಎಂಬ ಚೀಟಿ ಅಂಟಿಸಿದ್ದ ಒಂದು ಗಿಮ್ನಾಸ್ತ್ಯೋರ್ಕಾ, ಅಂದರೆ ತಲೆಯ ಮೇಲಿಂದ ತೊಡುವ ಸೈನಿಕನ ಅಂಗಿ, 1970ರ ದಶಕದ ಒಂದು ಹತ್ತಿಯ ಕೀತೆಲ್, ಅಂದರೆ ಮುಂದೆ ಗುಂಡಿ ಹಾಕುವ ಮೇಲಂಗಿ, ಮತ್ತು ಕಿವಿ ಮುಚ್ಚುವ ಉಷಾಂಕಾ ಟೋಪಿ. ಮೊದಲನೆಯದಕ್ಕೆ 240 ಯೂರೋ, ಎರಡನೆಯದಕ್ಕೆ 35, ಟೋಪಿಗೆ 25 ಕೊಟ್ಟೆ. ನಾಲ್ಕು ತಿಂಗಳು ಈ ಮೂರನ್ನೂ ಮೇಜಿನ ಮೇಲೆ ಹರಡಿ, ಹೊಲಿಗೆ ಹೊಲಿಗೆಯಾಗಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಹೇಳುವುದಿಲ್ಲ. ಇಲ್ಲಿ ಕಂಡ ಗುಣದೋಷಗಳು ಈ ವ್ಯಾಪಾರದಲ್ಲಿ ಎಲ್ಲೆಡೆಯೂ ಇರುವಂಥವು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: 1970 ಮತ್ತು 80ರ ದಶಕಗಳ ವಸ್ತುಗಳಿಗೆ ಇದು ಒಳ್ಳೆಯ ಅಂಗಡಿ, ಯುದ್ಧಕಾಲದ್ದೆಂದು ಹೇಳಿ ಮಾರುವ ವಸ್ತುಗಳಿಗೆ ಅಲ್ಲ.

ಬರ್ಲಿನ್ನಿನಲ್ಲಿ ಈ ಉಡುಪುಗಳು ಇಷ್ಟು ಸುಲಭವಾಗಿ ಸಿಗಲು ಕಾರಣವಿದೆ. ನಗರದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದ ವ್ಯೂನ್ಸ್‌ಡಾರ್ಫ್‌ನಲ್ಲಿ ಪೂರ್ವ ಜರ್ಮನಿಯಲ್ಲಿದ್ದ ಸೋವಿಯತ್ ಪಡೆಗಳ ಪ್ರಧಾನ ಕಚೇರಿ ಇತ್ತು. ಜರ್ಮನಿಯ ಏಕೀಕರಣದ ನಂತರ ಆ ಪಡೆಗಳು ಹಂತಹಂತವಾಗಿ ಹಿಂದಿರುಗಿ, 1994ರ ಆಗಸ್ಟ್ 31ರಂದು ಬರ್ಲಿನ್ನಿನಲ್ಲಿ ಅಂತಿಮ ಬೀಳ್ಕೊಡುಗೆ ನಡೆಯಿತು. ಆ ಕೆಲವು ವರ್ಷಗಳಲ್ಲಿ ಟೋಪಿ, ಬೆಲ್ಟು, ಮೇಲಂಗಿಗಳು ಬ್ರಾಂಡೆನ್‌ಬರ್ಗ್ ದ್ವಾರದ ಮುಂದಿನ ಮೇಜುಗಳ ಮೇಲೆ ರಾಶಿ ಬಿದ್ದು ಪ್ರವಾಸಿಗರ ಕೈಗೆ ಹೋದವು. ಹೀಗಾಗಿ ಸೋವಿಯತ್ ಸೈನ್ಯದ ಕೊನೆಯ ಎರಡು ದಶಕಗಳ ಅಸಲಿ ಉಡುಪುಗಳಿಗೆ ಇಲ್ಲಿ ಕೊರತೆಯಿಲ್ಲ, ಅವುಗಳ ಬೆಲೆಯೂ ಹೆಚ್ಚಿಲ್ಲ. ಬೆಲೆ ಹೆಚ್ಚಿರುವುದು 1941ರಿಂದ 1945ರವರೆಗಿನ ವಸ್ತುಗಳಿಗೆ. ಲಕ್ಷಾಂತರ ಸೈನಿಕರು ಅವನ್ನು ತೊಟ್ಟು ಹರಿಯುವವರೆಗೂ ಬಳಸಿದರು, ಯುದ್ಧದ ನಂತರ ಊರಿಗೆ ಹೋಗಿ ಹೊಲದ ಕೆಲಸಕ್ಕೂ ಅದನ್ನೇ ತೊಟ್ಟರು. ಉಳಿದದ್ದು ಬಹಳ ಕಡಿಮೆ. ಮೋಸ ಹುಟ್ಟುವುದು ಈ ಎರಡು ಬೆಲೆಗಳ ನಡುವಿನ ಅಂತರದಲ್ಲಿ.

ಗಿಮ್ನಾಸ್ತ್ಯೋರ್ಕಾದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕಲಿಯಬೇಕಾದದ್ದು ಹೆಚ್ಚು ಇರುವುದು ಅದರಲ್ಲೇ. 1943ರ ಜನವರಿಯವರೆಗೆ ಕೆಂಪು ಸೈನ್ಯದ ಅಂಗಿಗೆ ಮಡಚುವ ಕಾಲರ್ ಇತ್ತು, ದರ್ಜೆಯ ಗುರುತುಗಳು ಕಾಲರಿನ ಪಟ್ಟಿಗಳ ಮೇಲಿದ್ದವು. ಆ ತಿಂಗಳು ಹೊರಟ ಆದೇಶದಿಂದ ಕ್ರಾಂತಿಯ ಕಾಲದಲ್ಲಿ ಕಿತ್ತೆಸೆದಿದ್ದ ಭುಜಪಟ್ಟಿಗಳು ಮರಳಿ ಬಂದವು, ಅಂಗಿಗೆ ಎರಡು ಗುಂಡಿಗಳ ನಿಂತ ಕಾಲರ್ ಬಂತು. ಸಂಗ್ರಾಹಕರು ‘ನಲವತ್ತಮೂರರ ಮಾದರಿ’ ಎನ್ನುವುದು ಇದನ್ನೇ. ಹೊಸಬರು ಎಡವುವುದು ಮುಂದಿನ ಸಂಗತಿಯಲ್ಲಿ: ಈ ಮಾದರಿ ಯುದ್ಧದೊಂದಿಗೆ ಮುಗಿಯಲಿಲ್ಲ. 1969ರ ಹೊಸ ಸಮವಸ್ತ್ರ ಬರುವವರೆಗೂ, ಅಂದರೆ ಇನ್ನೂ ಕಾಲು ಶತಮಾನ, ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇದೇ ನಿಂತ ಕಾಲರಿನ ಅಂಗಿಯನ್ನು ಕಾರ್ಖಾನೆಗಳು ಹೊಲಿಯುತ್ತಲೇ ಇದ್ದವು. 1943ರ ಮಾದರಿ ಎಂಬುದು ನಿಜ, 1943ರ ಅಂಗಿ ಎಂಬುದು ಬೇರೆ ಮಾತು. ಅಂಗಡಿಯ ಚೀಟಿಯಲ್ಲಿ ಈ ಎರಡೂ ಒಂದಾಗಿದ್ದವು.

ಮನೆಗೆ ತಂದು ಮೊದಲು ಮಾಡಿದ ಕೆಲಸವೆಂದರೆ ಅಂಗಿಯನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ ಕಿಟಕಿಯ ಬೆಳಕಿನಲ್ಲಿ ಹರಡಿದ್ದು. ಸೋವಿಯತ್ ಸೈನ್ಯಕ್ಕೆ ಹೊಲಿದ ಪ್ರತಿ ಉಡುಪಿನ ಒಳಗೂ ಶಾಯಿಯ ಮುದ್ರೆ ಇರುತ್ತಿತ್ತು: ಕಾರ್ಖಾನೆಯ ಗುರುತು, ಅಳತೆ, ತಯಾರಾದ ವರ್ಷ, ತಪಾಸಣೆಯ ಗುರುತು, ಕೆಲವೊಮ್ಮೆ ಸೇನಾ ಘಟಕದ ಸಂಖ್ಯೆ. ಅಳತೆಯನ್ನು ಬರೆಯುವ ಕ್ರಮವೂ ತಿಳಿದಿರಬೇಕು. 48 ಎಂದರೆ ಎದೆಯ ಸುತ್ತಳತೆಯ ಅರ್ಧ, ಅಂದರೆ 96 ಸೆಂಟಿಮೀಟರ್ ಎದೆಯವನಿಗೆ ಹೊಲಿದದ್ದು. ಅದರ ಪಕ್ಕದ ಸಣ್ಣ ಅಂಕಿ ಎತ್ತರದ ವರ್ಗವನ್ನು ಹೇಳುತ್ತದೆ. ನನ್ನ ಅಂಗಿಯಲ್ಲಿ ಆ ಮುದ್ರೆ ಇರಬೇಕಾದ ಜಾಗದಲ್ಲಿ ಅಂಗೈ ಅಗಲದ ಬಿಳಿಚಿದ ಕಲೆಯೊಂದು ಮಾತ್ರ ಇತ್ತು. ಸುತ್ತಲಿನ ಬಟ್ಟೆ ಒಣಗಿದ ಹುಲ್ಲಿನ ಬಣ್ಣಕ್ಕಿದ್ದರೆ ಆ ಕಲೆ ಮಜ್ಜಿಗೆಯ ಬಣ್ಣಕ್ಕಿತ್ತು, ಅಲ್ಲಿ ನೂಲಿನ ಎಳೆಗಳು ತೆಳ್ಳಗಾಗಿ ಬೆರಳಿಗೆ ಮೆದುವಾಗಿ ಸಿಗುತ್ತಿದ್ದವು. ಒಗೆದು ಒಗೆದು ಮಾಸಿದ ಮುದ್ರೆ ಹೀಗೆ ಕಾಣುವುದಿಲ್ಲ; ಅದು ಬಟ್ಟೆಯೊಂದಿಗೇ ಸಮನಾಗಿ ಮಾಸುತ್ತದೆ. ಇಲ್ಲಿ ಯಾರೋ ಬ್ಲೀಚು ಹಾಕಿ ಉಜ್ಜಿದ್ದರು. ಅತಿನೇರಳೆ ಟಾರ್ಚನ್ನು ಓರೆಯಾಗಿ ಹಿಡಿದಾಗ ಆ ಕಲೆಯೊಳಗೆ ವರ್ಷದ ಮೊದಲ ಮೂರು ಅಂಕಿಗಳು ಮಂಕಾಗಿ ಎದ್ದವು: 1, 9, 5. ಕೊನೆಯ ಅಂಕಿ ಸಿಗಲಿಲ್ಲ, ಸಿಗಬೇಕಾದ ಅಗತ್ಯವೂ ಇರಲಿಲ್ಲ.

ಅತಿನೇರಳೆ ಟಾರ್ಚಿನ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಬಟ್ಟೆ ನೀಲಿಯಾಗಿ ಹೊಳೆದರೆ ನಕಲಿ, ಹೊಳೆಯದಿದ್ದರೆ ಅಸಲಿ ಎಂದು ಅನೇಕರು ಸುಲಭದ ಸೂತ್ರ ಕಟ್ಟಿಕೊಂಡಿದ್ದಾರೆ. ಇಂದಿನ ಸೋಪಿನ ಪುಡಿಗಳಲ್ಲಿ ಬಟ್ಟೆಯನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳಿವೆ. ಅಜ್ಜನ ಅಸಲಿ ಅಂಗಿಯನ್ನು ಮೊಮ್ಮಗಳು ಒಮ್ಮೆ ಯಂತ್ರದಲ್ಲಿ ಒಗೆದರೂ ಸಾಕು, ಅದು ಹೊಳೆಯುತ್ತದೆ. ಆದ್ದರಿಂದ ಬಟ್ಟೆಯ ಹೊಳಪಿಗಿಂತ ದಾರದ ಸಾಕ್ಷ್ಯವನ್ನು ನಾನು ಹೆಚ್ಚು ನಂಬುತ್ತೇನೆ. ಪಾಲಿಯೆಸ್ಟರ್ ಎಳೆ ಬ್ರಿಟನ್ನಿನಲ್ಲಿ ಪೇಟೆಂಟ್ ಆದದ್ದೇ 1941ರಲ್ಲಿ. ಸೋವಿಯತ್ ಒಕ್ಕೂಟದಲ್ಲಿ ಅದೇ ಜಾತಿಯ ಲಾವ್‌ಸಾನ್ ಪ್ರಯೋಗಾಲಯದಲ್ಲಿ ಸಿದ್ಧವಾದದ್ದು 1949ರಲ್ಲಿ. ಯುದ್ಧಕಾಲದ ಸೋವಿಯತ್ ಅಂಗಿಯ ಮೂಲ ಹೊಲಿಗೆಯಲ್ಲಿ ಪಾಲಿಯೆಸ್ಟರ್ ದಾರ ಇರಲು ಸಾಧ್ಯವೇ ಇಲ್ಲ. ನನ್ನ ಅಂಗಿಯ ಪಕ್ಕದ ಹೊಲಿಗೆಯಿಂದ ಉಗುರಿನಷ್ಟು ಜೋತುಬಿದ್ದ ದಾರವನ್ನು ಕತ್ತರಿಸಿ, ಚಿಮುಟದಲ್ಲಿ ಹಿಡಿದು ಬೆಂಕಿಗೆ ತೋರಿಸಿದೆ. ಕಾಗದ ಸುಟ್ಟ ವಾಸನೆ ಬಂತು, ಬೆರಳಿಗೆ ಹಗುರವಾದ ಬೂದಿ ಅಂಟಿತು; ಅಂದರೆ ಹತ್ತಿ. ಭುಜದ ಮೇಲೆ ಪಟ್ಟಿಯನ್ನು ಸಿಕ್ಕಿಸುವ ಕುಣಿಕೆಗಳಿಂದ ತೆಗೆದ ದಾರ ಮಾತ್ರ ಮುದುಡಿ, ಕರಗಿ, ಸಾಸಿವೆಯಂಥ ಗಟ್ಟಿ ಕರಿಗುಂಡಾಯಿತು. ಅಂಗಿ ಹಳೆಯದು, ಕುಣಿಕೆಗಳು ಇತ್ತೀಚೆಗೆ ಹೊಲಿದವು. ಅದರಲ್ಲಿ ಸಿಕ್ಕಿಸಿದ್ದ ಖಾಕಿ ಭುಜಪಟ್ಟಿಗಳೂ ಹೊಸವೇ. ಅವುಗಳ ಅಡಿಯ ಬಟ್ಟೆ ಸುತ್ತಲಿನಷ್ಟೇ ಮಾಸಿತ್ತು. ವರ್ಷಗಟ್ಟಲೆ ಬಿಸಿಲಲ್ಲಿ ತೊಟ್ಟ ಅಂಗಿಯಾಗಿದ್ದರೆ ಪಟ್ಟಿ ಮುಚ್ಚಿದ ಜಾಗ ಗಾಢವಾಗಿ ಉಳಿದು, ಪಟ್ಟಿಯ ಆಕಾರವೇ ಅಲ್ಲಿ ಅಚ್ಚೊತ್ತಿದಂತೆ ಕಾಣಬೇಕಿತ್ತು.

ಇನ್ನೊಂದು ಗುರುತು ಎದೆಯ ಜೇಬು. 1943ರ ಮಾದರಿಯಂತೆ ಅಧಿಕಾರಿಯ ಅಂಗಿಗೆ ಮುಚ್ಚಳವಿರುವ ಜೇಬುಗಳಿದ್ದವು, ಸಾಮಾನ್ಯ ಸೈನಿಕನದಕ್ಕೆ ಇರಲಿಲ್ಲ. ನನ್ನದು ಒರಟು ಹತ್ತಿಯ ಸೈನಿಕನ ಅಂಗಿ, ಆದರೂ ಎರಡು ಜೇಬುಗಳಿವೆ. ಇದೊಂದನ್ನೇ ನೋಡಿ ತೀರ್ಪು ಕೊಡಬಾರದು, ಏಕೆಂದರೆ ಅಧಿಕಾರಿಗಳು ತೊಟ್ಟು ಬಿಟ್ಟ ಅಂಗಿಗಳನ್ನು ದುರಸ್ತಿ ಮಾಡಿ ಸೈನಿಕರಿಗೆ ಕೊಡುವುದೂ ಇತ್ತು. ಆದರೆ ಉಜ್ಜಿಹಾಕಿದ ಮುದ್ರೆ, ಹೊಸ ಕುಣಿಕೆ, ನೆರಳಿಲ್ಲದ ಭುಜ, ಮೇಲೆ ಈ ಜೇಬು, ಇಷ್ಟೂ ಸೇರಿದಾಗ ಅನುಮಾನಕ್ಕೆ ಎಡೆ ಉಳಿಯುವುದಿಲ್ಲ. ಇದು 1950ರ ದಶಕದ ಅಸಲಿ ಸೋವಿಯತ್ ಅಂಗಿ. ಯುದ್ಧವನ್ನು ಅದು ಕಂಡಿಲ್ಲ.

ಅದು ಅಸಲಿ ಎಂದು ಇಷ್ಟು ಧೈರ್ಯವಾಗಿ ಹೇಳಲು ಕಾರಣ ಅದರ ಕಾಲರು. ಸೋವಿಯತ್ ಸೈನಿಕ ತನ್ನ ಕಾಲರಿನ ಒಳಬದಿಗೆ ಪದ್ವೊರೊತ್ನಿಚೊಕ್ ಎಂಬ ಬಿಳಿಯ ಬಟ್ಟೆಯ ಪಟ್ಟಿಯನ್ನು ಕೈಯಾರೆ ಹೊಲಿದುಕೊಳ್ಳಬೇಕಿತ್ತು. ಕುತ್ತಿಗೆಯ ಬೆವರು, ಕೊಳೆ ಅದಕ್ಕೆ ಹತ್ತುತ್ತಿತ್ತು. ಸಂಜೆ ಬಿಚ್ಚಿ, ಒಗೆದದ್ದನ್ನೋ ಹೊಸದನ್ನೋ ಮತ್ತೆ ಹೊಲಿಯಬೇಕು, ಬೆಳಗಿನ ತಪಾಸಣೆಯಲ್ಲಿ ಅದು ಬೆಳ್ಳಗಿರಬೇಕು. ದಿನವೂ ಸೂಜಿ ಅದೇ ಸಾಲಿನಲ್ಲಿ ಓಡಿದ್ದರಿಂದ ಕಾಲರಿನ ಅಂಚಿನ ಉದ್ದಕ್ಕೂ ನೂರಾರು ಸಣ್ಣ ತೂತುಗಳು ಬೀಳುತ್ತವೆ. ಭೂತಗನ್ನಡಿಯ ಕೆಳಗೆ ನನ್ನ ಅಂಗಿಯ ಕಾಲರು ರಾಗಿ ಜರಡಿಯಂತೆ ಕಾಣುತ್ತದೆ. ಎಡಗಡೆಯ ತೂತುಗಳು ಒತ್ತಾಗಿಯೂ ನೇರವಾಗಿಯೂ ಇವೆ, ಬಲಗಡೆಗೆ ಬರುತ್ತ ದೂರದೂರವಾಗಿ ಕೆಳಕ್ಕೆ ಜಾರಿವೆ. ಎಡದಿಂದ ಹೊಲಿಗೆ ಶುರುಮಾಡಿ ಕೊನೆಗೆ ಅವಸರಪಟ್ಟ ಒಬ್ಬನ ಕೈ ಅದು. ಚಲನಚಿತ್ರಗಳಿಗೂ ಯುದ್ಧದ ಮರುನಟನೆ ಮಾಡುವವರಿಗೂ ಇಂದು ಹೊಲಿಯುವ ಅಂಗಿಗಳು ಬಟ್ಟೆ, ಗುಂಡಿ, ನಮ್ಮ ದರ್ಜಿಗಳು ಕಾಜಾ ಎನ್ನುವ ಗುಂಡಿತೂತು, ಎಲ್ಲದರಲ್ಲೂ ಮೂಲವನ್ನು ಸರಿಗಟ್ಟುತ್ತವೆ. ಒಬ್ಬ ಮನುಷ್ಯನ ಎರಡು ಮೂರು ವರ್ಷಗಳ ಸಂಜೆಗಳನ್ನು ಕಾಲರಿನ ಮೇಲೆ ಚುಚ್ಚುವ ತಾಳ್ಮೆ ಯಾವ ನಕಲಿಗಾರನಿಗೂ ಇರುವುದನ್ನು ನಾನು ಇನ್ನೂ ಕಂಡಿಲ್ಲ.

ಖಚಿತಪಡಿಸಿಕೊಳ್ಳಲು ಒಂದು ಭಾನುವಾರ ಕಾರ್ಲ್ಸ್‌ಹಾರ್ಸ್ಟ್‌ನ ವಸ್ತುಸಂಗ್ರಹಾಲಯಕ್ಕೆ ಹೋದೆ. 1945ರ ಮೇ 8ರ ರಾತ್ರಿ ಜರ್ಮನ್ ಸೇನೆಯ ಶರಣಾಗತಿಗೆ ಸಹಿ ಬಿದ್ದದ್ದು ಅದೇ ಕಟ್ಟಡದಲ್ಲಿ. ಬರ್ಲಿನ್ನಿನಲ್ಲಿರುವ, ಇಲ್ಲಿಗೆ ಬರುವ ಕನ್ನಡಿಗರು ಯಾವ ಅಂಗಡಿಗೆ ಕಾಲಿಡುವ ಮೊದಲೂ ಇಲ್ಲಿಗೆ ಹೋಗಬೇಕೆಂದು ಮನಸಾರೆ ಹೇಳುತ್ತೇನೆ. ಗಾಜಿನ ಹಿಂದಿನ ಬಟ್ಟೆಯ ಒಳಮೈ ಕಾಣುವುದಿಲ್ಲ ಎಂಬುದು ನಿಜ. ಆದರೆ ಯುದ್ಧಕಾಲದ ಬಟ್ಟೆಯ ನೇಯ್ಗೆ, ಮಾಸಿದ ರೀತಿ, ತೇಪೆ ಹಾಕಿದ ಬಗೆ ಕಣ್ಣಿಗೆ ಒಮ್ಮೆ ಹತ್ತಿದರೆ ಆಮೇಲೆ ಅಂಗಡಿಯ ಚೀಟಿ ಅಷ್ಟು ಸುಲಭವಾಗಿ ಮರುಳು ಮಾಡಲಾರದು.

ಗುರುತುಗಳನ್ನೆಲ್ಲ ಬರೆದುಕೊಂಡು ಅಂಗಿಯೊಂದಿಗೆ ಅಂಗಡಿಗೆ ಮರಳಿದೆ. ಮಾಲೀಕರು ಅರವತ್ತು ದಾಟಿದವರು, ಸೌಮ್ಯ ಸ್ವಭಾವದವರು. ಟಾರ್ಚನ್ನು ತಾವೇ ಹಿಡಿದು ಆ ಕಲೆಯನ್ನು ಬಹಳ ಹೊತ್ತು ನೋಡಿದರು. ತಮಗೆ ಮಾರಿದವರು ಹೇಳಿದ್ದನ್ನೇ ಚೀಟಿಯಲ್ಲಿ ಬರೆದೆನೆಂದೂ, ಮುದ್ರೆಯನ್ನು ಅಳಿಸಿದ್ದು ತಾವಲ್ಲವೆಂದೂ ಹೇಳಿದರು. ಅದನ್ನು ನಾನು ನಂಬುತ್ತೇನೆ. ಆದರೆ 240 ಯೂರೋ ಬೆಲೆ ಇಡುವವರು ಒಳಮೈಯನ್ನು ಒಮ್ಮೆಯೂ ತಿರುಗಿಸಿ ನೋಡಲಿಲ್ಲ ಎಂಬುದನ್ನು ಮಾತ್ರ ಒಪ್ಪಲಾರೆ. ಗಿರಾಕಿ ಆ ಹಣದಲ್ಲಿ ಕೊಡುವುದು ಬಟ್ಟೆಗೆ ಮಾತ್ರವಲ್ಲ, ಮಾರುವವರ ಕಣ್ಣಿಗೂ ಕೊಡುತ್ತಾನೆ. ಅಂಗಿಯನ್ನು ಹಿಂದಕ್ಕೆ ಪಡೆಯುವುದಾಗಿ ಅವರೇ ಹೇಳಿದರು. ನಾನು ಇಟ್ಟುಕೊಳ್ಳುತ್ತೇನೆಂದೆ, ಏಕೆಂದರೆ ಆ ಕಾಲರನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. 150 ಯೂರೋ ಮರಳಿಸಿದರು. ಉಳಿದ 90 ಯೂರೋ ಆ ಅಂಗಿಗೆ ನ್ಯಾಯವಾದ ಬೆಲೆ ಎಂದೇ ನನ್ನ ಅಭಿಪ್ರಾಯ.

35 ಯೂರೋ ಕೊಟ್ಟ ಕೀತೆಲ್ ಮೂರರಲ್ಲೂ ಉತ್ತಮವಾದದ್ದು. ಇದು 1969ರ ಸುಧಾರಣೆಯಲ್ಲಿ ಗಿಮ್ನಾಸ್ತ್ಯೋರ್ಕಾದ ಜಾಗಕ್ಕೆ ಬಂದ ದಿನಬಳಕೆಯ ಹತ್ತಿಯ ಮೇಲಂಗಿ. ಮುಂದೆ ಐದು ಗುಂಡಿ, ಮಡಚುವ ಕಾಲರು, ಕುತ್ತಿಗೆಯ ಬಳಿ ಒಂದು ಕೊಕ್ಕೆ. ಹತ್ತಿ ಎಂಬುದರ ರಷ್ಯನ್ ಸಂಕ್ಷೇಪದಿಂದ ಸೈನಿಕರು ಇದನ್ನು ‘ಹೆಬೆ’ ಎಂದು ಕರೆಯುತ್ತಿದ್ದರು. ಒಳಗೆ ಕಪ್ಪು ಮುದ್ರೆ ನಿಚ್ಚಳವಾಗಿದೆ: 48, ಪಕ್ಕದಲ್ಲಿ 3, ಕೆಳಗೆ 1978. ಭುಜಪಟ್ಟಿಗಳು ಕೆಂಪು, ಕಾಲರಿನ ಪಟ್ಟಿಗಳೂ ಕೆಂಪು; ಕೆಂಪು ಮೋಟಾರು ಪದಾತಿದಳದ ಬಣ್ಣ. ಟ್ಯಾಂಕು, ಫಿರಂಗಿ ಮತ್ತು ತಾಂತ್ರಿಕ ದಳಗಳಿಗೆ ಕಪ್ಪು, ವಾಯುಪಡೆಗೂ ಪ್ಯಾರಾಶೂಟ್ ದಳಕ್ಕೂ ತಿಳಿನೀಲಿ, ಗಡಿ ಕಾವಲಿನವರಿಗೆ ಹಸಿರು. ಅದೇ ಅಂಗಡಿಯ ಇನ್ನೊಂದು ಹ್ಯಾಂಗರಿನಲ್ಲಿ ಕಪ್ಪು ಭುಜಪಟ್ಟಿಗೆ ತಿಳಿನೀಲಿ ಕಾಲರ್ ಪಟ್ಟಿ ಕೂಡಿಸಿದ್ದ ಕೀತೆಲ್ ಒಂದನ್ನು ನೋಡಿದೆ. ಪ್ರತಿ ಬಿಡಿಭಾಗವೂ ಅಸಲಿ, ಒಟ್ಟು ಉಡುಪು ಸುಳ್ಳು. ಅಂಥ ಸೈನಿಕ ಯಾವ ದಳದಲ್ಲೂ ಇರಲಿಲ್ಲ. ಈ ಮಾರುಕಟ್ಟೆಯಲ್ಲಿ ಪೂರ್ತಿ ನಕಲಿಗಿಂತ ಇಂಥ ಜೋಡಣೆಗಳೇ ಹೆಚ್ಚು.

ನನ್ನ ಕೀತೆಲಿನ ಭುಜಪಟ್ಟಿಗಳ ಮೇಲೆ ಇಂಗ್ಲಿಷಿನ ಸಿ ಮತ್ತು ಎ ಅಕ್ಷರಗಳಂತೆ ಕಾಣುವ, ಆದರೆ ರಷ್ಯನ್‌ನಲ್ಲಿ ‘ಎಸ್, ಎ’ ಎಂದು ಓದಬೇಕಾದ ಹಳದಿ ಅಕ್ಷರಗಳಿವೆ; ಸೊವೆತ್ಸ್ಕಾಯಾ ಆರ್ಮಿಯಾ, ಅಂದರೆ ಸೋವಿಯತ್ ಸೈನ್ಯ. ಇವು 1970ರ ದಶಕದ ಕಡ್ಡಾಯ ಸೇವೆಯ ಸೈನಿಕರ ಪಟ್ಟಿಗಳಲ್ಲಿ ಬಂದವು. ಯುದ್ಧಕಾಲದ್ದೆಂದು ತೋರಿಸುವ ಅಂಗಿಯ ಮೇಲೆ ಈ ಅಕ್ಷರಗಳು ಕಂಡರೆ ಮುಂದಿನ ಪರೀಕ್ಷೆ ಬೇಕಿಲ್ಲ. ಪಟ್ಟಿಗಳನ್ನು ಕೈಹೊಲಿಗೆಯಲ್ಲಿ ಭುಜಕ್ಕೆ ಹೊಲಿಯಲಾಗಿದೆ. ಒಂದು ಮೂಲೆ ಸಡಿಲಗೊಂಡಿದ್ದಲ್ಲಿ ಎತ್ತಿ ನೋಡಿದರೆ ಅಡಿಯ ಬಟ್ಟೆ ಹೊಸ ಬಾಳೆಲೆಯಷ್ಟು ಹಸಿರು. ಎಡ ಒಳಜೇಬಿನ ಮೇಲೆ ತಿಳಿ ಕಿತ್ತಳೆ ಬಣ್ಣದ ಅಂಕುಡೊಂಕು ಅಕ್ಷರಗಳಿವೆ. ಸೈನಿಕರು ಬ್ಲೀಚಿನ ದ್ರಾವಣದಲ್ಲಿ ಬೆಂಕಿಕಡ್ಡಿ ಅದ್ದಿ ತಮ್ಮ ಮನೆತನದ ಹೆಸರು ಮತ್ತು ಸೇನಾ ಗುರುತಿನ ಪುಸ್ತಕದ ಸಂಖ್ಯೆಯನ್ನು ಉಡುಪಿನ ಒಳಗೆ ಬರೆಯುತ್ತಿದ್ದರು. ದ್ರಾವಣ ಬಣ್ಣವನ್ನು ತಿಂದು ಬರಹ ಉಳಿಯುತ್ತದೆ. ಒಂದು ಮುದ್ರೆಯನ್ನು ಅಳಿಸಲು ಬಳಸಿದ ಪದಾರ್ಥವೇ ಇನ್ನೊಂದು ಅಂಗಿಯಲ್ಲಿ ಅದರ ಒಡೆಯನ ಹೆಸರನ್ನು ಉಳಿಸಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಕೊನೆ ಉಕ್ರೇನಿನ ಹೆಸರುಗಳ ರೀತಿಯದು ಎಂದಷ್ಟೇ ಹೇಳಬಹುದು. ಈ ಉಡುಪನ್ನು ರಷ್ಯನ್ ಸೈನ್ಯದ ಉಡುಪು ಎಂದು ಕರೆಯುವವರಿಗೆ ನಾನು ಆ ಜೇಬನ್ನು ತೋರಿಸುತ್ತೇನೆ. ಉಕ್ರೇನಿನವರು, ಕಝಕರು, ಜಾರ್ಜಿಯಾದವರು, ಉಜ್ಬೆಕರು, ಎಲ್ಲರೂ ಇದನ್ನು ತೊಟ್ಟವರೇ.

ಇಂಥ ಕೀತೆಲ್‌ಗಳ ನಡುವೆ ಕೆಲವೊಮ್ಮೆ ಬಂಗಾರದ ಹುರಿ, ವೆಲ್ವೆಟ್ಟು, ಸಾಲದ್ದಕ್ಕೆ ಬಿಳಿ ಅಂಚು ಹೊಲಿದ ವಿಚಿತ್ರ ಉಡುಪೊಂದು ಸಿಗಬಹುದು. ನಿಯಮಕ್ಕೆ ಹೊಂದದ ಇದನ್ನು ನಕಲಿಯೆಂದು ತಳ್ಳಬೇಡಿ. ಸೇವೆ ಮುಗಿಸಿ ಮನೆಗೆ ಹೊರಟ ಸೈನಿಕನನ್ನು ‘ದೆಂಬೆಲ್’ ಎನ್ನುತ್ತಿದ್ದರು; ಊರಿಗೆ ಹೋಗುವ ದಿನಕ್ಕೆಂದು ಅವನು ತಿಂಗಳುಗಟ್ಟಲೆ ಗುಟ್ಟಾಗಿ ಉಡುಪನ್ನು ಸಿಂಗರಿಸುತ್ತಿದ್ದ. ಕೈಹೊಲಿಗೆಯೂ ಹಳೆಯ ದಾರವೂ ಇದ್ದರೆ ಅದು ಬೆಲೆಬಾಳುವ ವಸ್ತು.

ಉಷಾಂಕಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೂದು ಬಣ್ಣದ ಕೃತಕ ತುಪ್ಪಳ, ಹತ್ತಿಯ ಅಸ್ತರು, ಒಳಗೆ 58 ಎಂಬ ಮುದ್ರೆ. ಟೋಪಿಗಳಲ್ಲಿ ಈ ಅಂಕಿ ತಲೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಹೇಳುತ್ತದೆ. ಟೋಪಿ ಸರಿಯಾಗಿದೆ, ಮುಂದಿನ ಲಾಂಛನ ಸರಿಯಿಲ್ಲ: ನೌಕಾಪಡೆಯ ಅಧಿಕಾರಿಯ ‘ಏಡಿ’ ಎಂಬ ಅಡ್ಡಹೆಸರಿನ ಲಾಂಛನವನ್ನು ಭೂಸೇನೆಯ ಸೈನಿಕನ ಟೋಪಿಗೆ ಚುಚ್ಚಿದ್ದರು. ಹೆಚ್ಚು ಥಳಥಳಿಸುತ್ತದೆ ಎಂಬುದೊಂದೇ ಕಾರಣ. ತೆಗೆದು ಬೇರೆ ಇಟ್ಟಿದ್ದೇನೆ.

ಅಂಗಡಿಯ ಒಳ್ಳೆಯ ಗುಣಗಳನ್ನೂ ಹೇಳಬೇಕು. ಇಲ್ಲಿ ಉಡುಪನ್ನು ತಿರುಗಿಸಿ ನೋಡಲು, ಅಂಗಳದ ಬೆಳಕಿಗೆ ಒಯ್ಯಲು, ಮುದ್ರೆಯ ಚಿತ್ರ ತೆಗೆಯಲು ಯಾರೂ ಅಡ್ಡಿ ಮಾಡುವುದಿಲ್ಲ. ಪ್ರವಾಸಿಗರ ಮೇಜುಗಳಲ್ಲಿ ಈ ಅವಕಾಶ ಸಿಗದು. ಬಂದ ಬಟ್ಟೆಯನ್ನು ಒಗೆಯದೆ, ಇಸ್ತ್ರಿ ಮಾಡದೆ ಇಡುತ್ತಾರೆ, ಅದರಿಂದ ಸಾಕ್ಷ್ಯ ಉಳಿಯುತ್ತದೆ. ಕೊರತೆಯೆಂದರೆ ಚೀಟಿಗಳು. ‘ಮಾದರಿ’ ಮತ್ತು ‘ತಯಾರಾದ ವರ್ಷ’ ಎಂಬ ಎರಡು ಸಾಲುಗಳನ್ನು ಬೇರೆ ಬೇರೆ ಬರೆದಿದ್ದರೆ ನನ್ನ ದೂರಿನ ಮುಕ್ಕಾಲು ಭಾಗ ಇರುತ್ತಿರಲಿಲ್ಲ. ಲಾಂಛನಗಳನ್ನು ತಾವಾಗಿ ಚುಚ್ಚಿ ಅಂದಗೊಳಿಸುವುದನ್ನೂ ನಿಲ್ಲಿಸಬೇಕು.

ಕರ್ನಾಟಕದಿಂದ ತರಿಸಿಕೊಳ್ಳಲು ಬಯಸುವವರಿಗೆ ಎರಡು ಮಾತು. ಬಳಸಿದ ಬಟ್ಟೆಯನ್ನು ಭಾರತಕ್ಕೆ ಆಮದು ಮಾಡಲು ನಿರ್ಬಂಧಗಳಿವೆ; ಹಣ ಕಟ್ಟುವ ಮೊದಲು ಕಸ್ಟಮ್ಸ್ ನಿಯಮ ಕೇಳಿಕೊಳ್ಳಿ. ಉಣ್ಣೆಯ ಶಿನೆಲ್ ಕೋಟು ಕೊಂಡರೆ ಮಂಗಳೂರಿನ ಮಳೆಗಾಲದಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಸಲು ಹಿಡಿಯುತ್ತದೆ. ಹಳೆಯ ಹತ್ತಿಯ ಸೀರೆಯಲ್ಲಿ ಸುತ್ತಿ, ಬಿಸಿಲು ಬಂದಾಗ ನೆರಳಲ್ಲಿ ಹರಡಿ. ಬರ್ಲಿನ್ನಿನಲ್ಲಿರುವವರು ಇನ್ನೊಂದನ್ನು ನೆನಪಿಡಬೇಕು. ಇತ್ತೀಚಿನ ವರ್ಷಗಳಲ್ಲಿ ಮೇ 8 ಮತ್ತು 9ರಂದು ಇಲ್ಲಿನ ಸೋವಿಯತ್ ಸ್ಮಾರಕಗಳ ಬಳಿ ಸೇನಾ ಸಮವಸ್ತ್ರ ತೊಡುವುದನ್ನು ಪೊಲೀಸರು ನಿಷೇಧಿಸುತ್ತಿದ್ದಾರೆ. ಉಕ್ರೇನಿನ ಯುದ್ಧದಲ್ಲಿ ಮನೆ ಕಳೆದುಕೊಂಡು ಬಂದವರು ಇದೇ ನಗರದಲ್ಲಿದ್ದಾರೆ. ನನ್ನ ಸಂಗ್ರಹ ಕಪಾಟಿನಿಂದ ಹೊರಗೆ ಹೋಗುವುದಿಲ್ಲ.

ಕಳೆದ ವಾರ ಮತ್ತೆ ಆ ಅಂಗಡಿಗೆ ಹೋಗಿದ್ದೆ. ಹ್ಯಾಂಗರಿನಲ್ಲಿ ಇನ್ನೊಂದು ಗಿಮ್ನಾಸ್ತ್ಯೋರ್ಕಾ ಇತ್ತು, ಅದರ ಚೀಟಿಯಲ್ಲೂ 1943 ಎಂದೇ ಇತ್ತು. ಮಾಲೀಕರು ಅದನ್ನು ತಾವೇ ಇಳಿಸಿ, ನನ್ನೊಂದಿಗೆ ಅಂಗಳಕ್ಕೆ ಬಂದು, ಒಳಮೈ ತಿರುಗಿಸಿ ಬೆಳಕಿಗೆ ಹಿಡಿದರು. ಈ ಬಾರಿ ಮುದ್ರೆಯನ್ನು ಯಾರೂ ಮುಟ್ಟಿರಲಿಲ್ಲ. 1961 ಎಂದು ಕನ್ನಡಕವಿಲ್ಲದೆಯೂ ಓದಬಹುದಿತ್ತು. ಅವರು ಪೆನ್ನು ತೆಗೆದು ಚೀಟಿಯ ಮೇಲಿನ ವರ್ಷವನ್ನೂ ಬೆಲೆಯನ್ನೂ ಅಲ್ಲೇ ನಿಂತು ತಿದ್ದಿದರು.